ಹೊಂದಿಕೊಳ್ಳುವ ಗುಣ

ಸರ್ಜಾಪುರ
ಭಾನುವಾರ, 19 ಜನವರಿ 2025

ಅಮ್ಮಾ,

ಕಾಗದ ಕಂಡು ಗಾಬರಿಯಾಗಬೇಡ. ನಾನೂ ನಿನ್ನ ಅಳಿಯ ಹರ್ಷನೂ ಚೆನ್ನಾಗಿದ್ದೇವೆ. ದಿನಾ ಫೋನು ಮಾಡುವವಳು ಕಾಗದ ಯಾಕೆ ಬರೆದಳು ಎಂದು ನೀನು ಕೇಳುತ್ತೀಯ. ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡಿದರೆ ನೀನು ನಡುವೆ ಊಟ ಆಯಿತಾ, ಏನು ಸಾರು ಎನ್ನುತ್ತೀಯ. ನಾನು ಸಾರಿನ ಹೆಸರು ಹೇಳಿ, ಹೇಳಬೇಕಾದ್ದನ್ನು ಬಿಟ್ಟು ಫೋನು ಇಟ್ಟುಬಿಡುತ್ತೇನೆ. ಎರಡು ವಾರದಿಂದ ಹೀಗೇ ಆಗುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ ಆಮೇಲೆ ಬೈ.

ಮೊದಲು ಒಂದು ಸುಳ್ಳು ಒಪ್ಪಿಕೊಳ್ಳುತ್ತೇನೆ. ಪರೀಕ್ಷೆ ಕೆಲಸ ಇದೆ, ಸಂಕ್ರಾಂತಿಗೆ ಬರಲಾಗುವುದಿಲ್ಲ ಎಂದಿದ್ದೆನಲ್ಲ, ಯಾವ ಪರೀಕ್ಷೆಯೂ ಇರಲಿಲ್ಲ. ನಿನ್ನ ಎದುರು ಕೂತು ಎಳ್ಳುಬೆಲ್ಲ ತಿನ್ನಲು ಮನಸ್ಸು ಬರಲಿಲ್ಲ. ಸಿಟ್ಟಿತ್ತು. ಅರ್ಧ ನಿನ್ನ ಮೇಲೆ, ಅರ್ಧಕ್ಕಿಂತ ಜಾಸ್ತಿ ನನ್ನ ಮೇಲೆ.

ಗಣೇಶನ ಹಬ್ಬ ಕಳೆದು ಎಂಟು ದಿನಕ್ಕೆ ಒಂದು ಭಾನುವಾರ ನಾನು ಹೂಡಿಗೆ ಬಂದಿದ್ದೆ. ಮಧ್ಯಾಹ್ನ ಹನ್ನೆರಡರ ಹೊತ್ತು. ನೀನು ಗೇಟಿನ ಬಳಿ ಕೂತು ಸೊಪ್ಪು ಮಾರುವವಳ ಜೊತೆ ಚೌಕಾಸಿ ಮಾಡುತ್ತಿದ್ದೆ. ನಾನು ಮೊದಲ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ನೀರಿನ ಮೋಟಾರಿನಿಂದ ಹಿಡಿದು ಟು-ಲೆಟ್ ಬೋರ್ಡಿನವರೆಗೆ ನಮ್ಮ ಬಿಲ್ಡಿಂಗಿನದ್ದೆಲ್ಲ ನೋಡಿಕೊಳ್ಳುವ ಭರಮಪ್ಪ ಆಗ ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದ. ಎತ್ತರದ ಕಪ್ಪು ಹುಡುಗಿ. ಸಣ್ಣ ಸಣ್ಣ ಜಡೆ ಹೆಣೆದು ಹಿಂದಕ್ಕೆ ಕಟ್ಟಿದ್ದಳು. ಭಾನುವಾರವಾದರೂ ಕೊರಳಲ್ಲಿ ಕಾಲೇಜಿನ ಕಾರ್ಡು ಹಾಕಿಕೊಂಡಿದ್ದಳು, ಮನೆ ಓನರುಗಳಿಗೆ ನಂಬಿಕೆ ಬರಲಿ ಅಂತ.

ನೀನು ಅವಳನ್ನು ಮೇಲಿಂದ ಕೆಳಗೆ ನೋಡಿದೆ. ಆಮೇಲೆ, "ರೂಮ್ ಆಗೋಯ್ತು ಕಣಮ್ಮ. ನೆನ್ನೇನೇ ಬೇರೇರು ಅಡ್ವಾನ್ಸ್ ಕೊಟ್ಟೋದ್ರು," ಎಂದೆ. ಅವಳು ಹೋಗಲು ತಿರುಗಿದಳು. "ಬಿಸ್ಲಲ್ ಬಂದಿದ್ದೀಯ, ಮಜ್ಗೆ ಕುಡ್ಕೊಂಡ್ ಓಗು," ಎಂದು ನೀನೇ ಎದ್ದು ಒಳಗಿಂದ ತಂದುಕೊಟ್ಟೆ. ಅವಳು ಕುಡಿದು, ಲೋಟವನ್ನು ಎರಡೂ ಕೈಯಲ್ಲಿ ವಾಪಸ್ಸು ಕೊಟ್ಟು ಹೋದಳು.

ನೀನು ರೂಮು ಆಗಿಹೋಯಿತು ಎಂದದ್ದನ್ನು ಕೇಳಿದ ಮೇಲೆ ನಾನು ಒಳಗೆ ಸರಿದು ಬಾಗಿಲು ಹಾಕಿಕೊಂಡು, ಉಳಿದದ್ದನ್ನು ಕಿಟಕಿಯಿಂದ ನೋಡಿದೆ. ಯಾಕೆಂದರೆ ಆ ಹುಡುಗಿ ನನ್ನ ವಿದ್ಯಾರ್ಥಿನಿ. ಅವಳು ತಲೆ ಎತ್ತಿದ್ದರೆ ನನ್ನನ್ನು ನೋಡುತ್ತಿದ್ದಳು. ಇಳಿದು ಬಂದು, ಅಮ್ಮಾ ಇವಳು ನಮ್ಮ ಹುಡುಗಿ, ಎಂದಿದ್ದರೆ ಸಾಕಿತ್ತು. ಹದಿನಾಲ್ಕು ಮೆಟ್ಟಿಲು. ಇಳಿಯಲಿಲ್ಲ. ಊಟಕ್ಕೆ ಕೂತಾಗ ಯಾರು ಬಂದಿದ್ದರು ಎಂದು ಕೂಡ ನಿನ್ನನ್ನು ಕೇಳಲಿಲ್ಲ.

ಅವಳ ಹೆಸರು ಉಪೆಂಡೊ. ಟಾಂಜಾನಿಯಾದವಳು. ಅವರ ಭಾಷೆಯಲ್ಲಿ ಉಪೆಂಡೊ ಎಂದರೆ ಪ್ರೀತಿ ಎಂದು. ನಮ್ಮ ಕಾಲೇಜಿನ ಗುಮಾಸ್ತ ಮೊದಲ ವರ್ಷ ಪೂರ್ತಿ ಹಾಜರಿ ಪುಸ್ತಕದಲ್ಲಿ ಉಪೇಂದ್ರ ಎಂದೇ ಬರೆದ. ಅವಳು ತಿದ್ದಲಿಲ್ಲ, ಕೂಗಿದಾಗಲೆಲ್ಲ ಎದ್ದು ನಿಂತು ಹಾಜರಿ ಹೇಳಿದಳು. ಅವಳ ತಾಯಿ ಅಲ್ಲಿ ದೊಡ್ಡ ಬೆಟ್ಟದ ಬುಡದ ಊರಿನಲ್ಲಿ ಮೇಷ್ಟ್ರಾಗಿದ್ದಾಳೆ. ಇವಳು ವಿದ್ಯಾರ್ಥಿವೇತನ ಪಡೆದು ಎರಡು ವರ್ಷದ ಎಂಬಿಎ ಓದಲು ಬಂದವಳು. ಮೊದಲ ವರ್ಷದಲ್ಲೇ ವ್ಯವಹಾರಕ್ಕೆ ಸಾಕಾಗುವಷ್ಟು ಕನ್ನಡ ಕಲಿತಳು. ಅಕ್ಟೋಬರಿನಿಂದ ವೈಟ್‌ಫೀಲ್ಡಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಅವಳಿಗೆ ನಾಲ್ಕು ತಿಂಗಳ ತರಬೇತಿ ಸಿಕ್ಕಿತ್ತು. ಅದನ್ನು ಮುಗಿಸದಿದ್ದರೆ ಡಿಗ್ರಿ ಇಲ್ಲ. ಅದಕ್ಕೇ ಹೂಡಿಯಲ್ಲಿ ರೂಮು ಹುಡುಕುತ್ತಿದ್ದಳು.

ನಾನು ಕಾಲೇಜಿನಲ್ಲಿ ಏನು ಕಲಿಸುತ್ತೇನೆ ಎಂದು ನೀನು ಒಮ್ಮೆ ಕೇಳಿದ್ದೆ. ಬೇರೆ ಬೇರೆ ದೇಶದವರು ಒಂದು ಕಡೆ ಕೆಲಸ ಮಾಡುವಾಗ ಒಬ್ಬರನ್ನೊಬ್ಬರು ಹೇಗೆ ಅರ್ಥ ಮಾಡಿಕೊಳ್ಳಬೇಕು, ಹೇಗೆ ಕೆಲಸ ತೆಗೆಯಬೇಕು ಎಂದು ಪಾಠ ಮಾಡುತ್ತೇನೆ ಎಂದಿದ್ದೆ. "ಅದ್ಕೂ ಪಾಠ ಬೇಕೇನೆ?" ಎಂದು ನಕ್ಕಿದ್ದೆ ನೀನು. ಬೇಕು ಅಮ್ಮ. ನನ್ನ ತರಗತಿಯಲ್ಲಿ ಒಂಬತ್ತು ದೇಶದವರಿದ್ದಾರೆ. ಗುಂಪಿನಲ್ಲಿ ಕೆಲಸ ಹಂಚಿದರೆ ಜರ್ಮನಿಯವನು ಹತ್ತು ನಿಮಿಷ ಮುಂಚೆ ಬಂದು ಕೂತು ಮುಖ ಗಂಟಿಕ್ಕಿಕೊಳ್ಳುತ್ತಾನೆ, ನಮ್ಮ ಕೋಲಾರದವನು ಅರ್ಧ ಗಂಟೆ ತಡವಾಗಿ ಬಂದು ಎಲ್ಲರಿಗೂ ಟೀ ಕೊಡಿಸಿ ಸರಿಮಾಡಿದೆ ಎಂದುಕೊಳ್ಳುತ್ತಾನೆ. ವಿಯೆಟ್ನಾಮಿನ ಹುಡುಗಿ ನಕ್ಕರೆ ಒಪ್ಪಿದಳು ಎಂದು ಎಲ್ಲರೂ ತಿಳಿಯುತ್ತಾರೆ, ಅವಳು ನಗುವುದು ಮುಜುಗರವಾದಾಗ. ಇಂಥದ್ದನ್ನು ಬಿಡಿಸಿ ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೇನೆ. ಚೆನ್ನಾಗಿಯೇ ಹೇಳುತ್ತೇನೆ ಎಂದು ನಂಬಿದ್ದೆ.

ತರಬೇತಿಯ ತಿಂಗಳುಗಳಲ್ಲೂ ಅವರಿಗೆ ಶನಿವಾರ ನನ್ನ ಪಾಠ ಇರುತ್ತದೆ. ನವೆಂಬರಿನ ಒಂದು ಶನಿವಾರ, ನಮ್ಮ ಕಡೆಯವರು ಆಗುವುದಿಲ್ಲ ಎನ್ನುವುದನ್ನು ಹೇಗೆ ಸುತ್ತಿ ಬಳಸಿ ಹೇಳುತ್ತಾರೆ ಎಂದು ಹೇಳುತ್ತಿದ್ದೆ. ನೋಡೋಣ ಎಂದರೆ ಆಗುವುದಿಲ್ಲ ಎಂದು, ಸ್ವಲ್ಪ ಕಷ್ಟ ಎಂದರೆ ಖಂಡಿತ ಆಗುವುದಿಲ್ಲ ಎಂದು. ಎಲ್ಲರೂ ನಗುತ್ತಿದ್ದರು. ಉಪೆಂಡೊ ಕೈ ಎತ್ತಿದಳು.

"ಮೇಡಂ, ನಾನೊಂದು ಉದಾಹರಣೆ ಹೇಳುತ್ತೇನೆ. ಹೂಡಿಯಲ್ಲಿ ಒಬ್ಬ ಅಮ್ಮ ರೂಮು ಆಗಿಹೋಯಿತು ಅಂದರು. ಮಜ್ಜಿಗೆ ಕೊಟ್ಟರು. ಆಮೇಲೆ ನಾಲ್ಕು ವಾರ ನಾನು ಅದೇ ದಾರಿಯಲ್ಲಿ ಆಫೀಸಿಗೆ ಹೋದೆ. ಟು-ಲೆಟ್ ಬೋರ್ಡು ಹಾಗೇ ಇತ್ತು. ಇದಕ್ಕೆ ನಿಮ್ಮ ಪುಸ್ತಕದಲ್ಲಿ ಏನು ಹೆಸರು?"

ಅವಳು ಕೆಣಕಲು ಕೇಳಿದ್ದಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನಾನು ಬೋರ್ಡಿನ ಕಡೆ ತಿರುಗಿ ದೊಡ್ಡದಾಗಿ ಬರೆದೆ: ಮರ್ಯಾದೆ ಕಾಯುವ ನಿರಾಕರಣೆ. ಆ ಅಮ್ಮ ನಿನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳಿದರು, ಇದು ನಮ್ಮ ಸಂಸ್ಕೃತಿಯ ಸೂಕ್ಷ್ಮ ಎಂದೆ. ಅವಳು ತಲೆಯಾಡಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಬರೆದುಕೊಂಡಳಮ್ಮ. ನಾನು ಮಾಡಿದ ತಪ್ಪಿಗೆ ಒಂದು ಅಂದವಾದ ಹೆಸರು ಕೊಟ್ಟು ಅವಳ ಕೈಯಿಂದಲೇ ಬರೆಸಿದೆ.

ಕೊನೆಗೆ ಅವಳಿಗೆ ರೂಮು ಸಿಕ್ಕಿದ್ದು ಜಿಗಣಿಯಲ್ಲಿ, ಪರಿಚಯದವರೊಬ್ಬರ ಮೂಲಕ. ಜಿಗಣಿಯಿಂದ ವೈಟ್‌ಫೀಲ್ಡಿಗೆ ಮೂರು ಬಸ್ಸು. ಬೆಳಗಿನ ಐದೂವರೆಗೆ ಹೊರಟರೂ ರಸ್ತೆ ಕಟ್ಟಿಕೊಂಡ ದಿನ ಒಂಬತ್ತೂವರೆಗೆ ತಲುಪುತ್ತಿದ್ದಳು. ಡಿಸೆಂಬರಿನಲ್ಲಿ ಆ ಮನೆಯವರು, ಅಕ್ಕಪಕ್ಕದವರು ಮಾತಾಡುತ್ತಾರೆ, ಎರಡು ದಿನದಲ್ಲಿ ಖಾಲಿ ಮಾಡು ಎಂದರು. ಒಬ್ಬ ಗೆಳತಿಯ ಹಾಸ್ಟೆಲಿನಲ್ಲಿ ಕದ್ದು ಮುಚ್ಚಿ ಇದ್ದಳು. ಅಲ್ಲೂ ಗೊತ್ತಾಯಿತು. ಅಷ್ಟರಲ್ಲಿ ಕಂಪನಿಯವರು ಅವಳು ತಡವಾಗಿ ಬರುತ್ತಾಳೆ, ಮೇಲಿಂದ ಮೇಲೆ ರಜೆ ಹಾಕುತ್ತಾಳೆ ಎಂದು ಕಾಲೇಜಿಗೆ ಬರೆದರು.

ಅವಳ ಮಾರ್ಗದರ್ಶಕಿ ನಾನು. ವರದಿಗೆ ನಾನು ಸಹಿ ಮಾಡಬೇಕು. ವರ್ಷದ ಮೊದಲ ವಾರ ನಮ್ಮ ಡೈರೆಕ್ಟರ್ ಶ್ರೀಧರ್ ಸರ್ ನನ್ನನ್ನು ಕರೆದು ಫಾರಮ್ಮು ಮುಂದಿಟ್ಟರು. ಅದರ ಕೊನೆಯ ಕಾಲಮ್ಮಿನ ಹೆಸರು ಹೊಸ ಪರಿಸರಕ್ಕೆ ಹೊಂದಿಕೊಳ್ಳುವ ಗುಣ. "ಅದ್ರಲ್ಲಿ ಸಾಲದು ಅಂತ ಒಂದ್ ಪದ ಬರೀರಿ ಮೇಡಂ, ಫೈಲ್ ಕ್ಲೋಸ್ ಮಾಡೋಣ. ಕಂಪನಿ ಜೊತೆ ನಮ್ ಸಂಬಂಧ ಮುಖ್ಯ. ಮುಂದಿನ್ ವರ್ಷ ಇನ್ನೂ ಹತ್ತು ಮಕ್ಳನ್ನ ಅವ್ರು ತಗೋಬೇಕು," ಎಂದರು. ಅವರು ಕೆಟ್ಟವರಲ್ಲ. ಹತ್ತು ಮಕ್ಕಳ ಬಗ್ಗೆ ಅವರು ಹೇಳಿದ್ದೂ ನಿಜವೇ.

ನಾನು ಪೆನ್ನು ತೆಗೆದೆ. ಮುಚ್ಚಳವನ್ನೂ ತೆಗೆದೆ. ಆಮೇಲೆ ಹುಡುಗಿಯ ಜೊತೆ ಒಂದು ಸಲ ಮಾತಾಡಿ ಬರೆಯುತ್ತೇನೆ ಎಂದು ಫಾರಮ್ಮು ಎತ್ತಿಕೊಂಡು ಬಂದೆ.

ಉಪೆಂಡೊ ಕ್ಯಾಂಟೀನಿನಲ್ಲಿ ನನ್ನ ಎದುರು ಕೂತು ತನ್ನ ನೋಟ್‌ಬುಕ್ಕು ತೆಗೆದಳು. ಅದರ ಹಿಂದಿನ ಪುಟಗಳಲ್ಲಿ ರೂಮು ಕೇಳಿದ ಮನೆಗಳದ್ದೆಲ್ಲ ಬರೆದಿಟ್ಟಿದ್ದಳು, ಒಟ್ಟು ಹದಿನೇಳು ಮನೆ. ಓನರು ಊರಲ್ಲಿಲ್ಲ. ಫ್ಯಾಮಿಲಿಗೆ ಮಾತ್ರ. ಸಸ್ಯಾಹಾರಿಗಳಿಗೆ ಮಾತ್ರ. ಒಂದು ಕಡೆ ನಾಯಿಗೆ ಅವಳನ್ನು ಕಂಡರೆ ಆಗುವುದಿಲ್ಲ ಎಂದಿದ್ದರಂತೆ. ನಾಲ್ಕನೆಯದು ನಮ್ಮ ಮನೆ. 'ಹೂಡಿ, ಹಸಿರು ಗೇಟು. ರೂಮು ಆಗಿಹೋಯಿತು. ಮಜ್ಜಿಗೆ ಚೆನ್ನಾಗಿತ್ತು' ಎಂದು ಬರೆದಿದ್ದಳು.

ಅದನ್ನು ಓದಿ ನಾನು ಅಲ್ಲಿಂದ ಎದ್ದು ಹೋಗಲಿಲ್ಲ. ಅಷ್ಟು ಮಾತ್ರ ನನ್ನ ಪರವಾಗಿ ಹೇಳಿಕೊಳ್ಳಬಲ್ಲೆ. ಅದು ನನ್ನ ಅಮ್ಮನ ಮನೆ ಎಂದೆ. ನಾನು ಮೇಲೆ ಇದ್ದೆ, ನಿನ್ನನ್ನು ನೋಡಿ ಒಳಗೆ ಹೋದೆ ಎಂದೂ ಹೇಳಿದೆ. ಅವಳು ಪುಸ್ತಕ ಮುಚ್ಚಿದಳು. ನಾನು ಕ್ಷಮಿಸು ಎಂದೆ, ಎರಡು ಸಲ ಎಂದೆ.

"ಕ್ಷಮೆ ಆಮೇಲೆ ನೋಡೋಣ ಮೇಡಂ," ಎಂದಳು. "ನನಗೆ ಈಗ ರೂಮು ಬೇಕು."

ಅವತ್ತೇ ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಹರ್ಷ ತನ್ನ ಓದುವ ಕೋಣೆ ಬಿಟ್ಟುಕೊಟ್ಟ. ಹದಿನೈದು ದಿನದಿಂದ ಇಲ್ಲೇ ಇದ್ದಾಳೆ. ಹಾಗಿದ್ದರೆ ಅಲ್ಲೇ ಇರಲಿ ಬಿಡು ಎಂದು ನೀನು ಹೇಳಬಹುದು. ಅವಳು ಇರಲು ಒಪ್ಪುತ್ತಿಲ್ಲ. ಅತಿಥಿಯಾಗಿ ಇರುವವಳು ದಿನಾ ಥ್ಯಾಂಕ್ಸ್ ಹೇಳಬೇಕು, ಬಾಡಿಗೆ ಕೊಡುವವಳು ನಲ್ಲಿ ಸೋರುತ್ತಿದೆ ಎಂದು ಜಗಳ ಮಾಡಬಹುದು, ನನಗೆ ಅಂಥ ಜಾಗ ಬೇಕು ಎನ್ನುತ್ತಾಳೆ. ಅವಳು ಹೇಳುವುದು ಸರಿ. ಅಲ್ಲದೆ ಇಲ್ಲಿಂದ ಕಂಪನಿಗೆ ಹೋಗಿಬರುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಆ ಫಾರಮ್ಮಿಗೆ ನಾನು ಸಹಿ ಮಾಡಲಿಲ್ಲ. ಅದರ ಬದಲು ನಾಲ್ಕು ಪುಟದ ವರದಿ ಬರೆದೆ. ಅವಳು ಯಾವ ದಿನ ಎಲ್ಲಿಂದ ಎಷ್ಟು ಗಂಟೆಗೆ ಹೊರಟಳು, ಯಾವ ಮನೆಯಲ್ಲಿ ಏನು ಹೇಳಿದರು, ಎಲ್ಲವನ್ನೂ ಹಾಕಿದೆ. ಬೇರೆಯವರ ಹೆಸರು ಹಾಕಲಿಲ್ಲ. ನಾಲ್ಕನೆಯ ಮನೆಯ ವಿಷಯದಲ್ಲಿ ಮಾತ್ರ ಹೆಸರು ಬರೆದೆ: ವೆಂಕಟಮ್ಮ, ಈ ವರದಿ ಬರೆಯುತ್ತಿರುವವಳ ತಾಯಿ, ವರದಿ ಬರೆಯುತ್ತಿರುವವಳು ಸ್ಥಳದಲ್ಲೇ ಇದ್ದಳು. ಹೊಂದಿಕೊಳ್ಳುವ ಗುಣ ಎಂಬ ಕಾಲಮ್ಮಿನಲ್ಲಿ, ವಿದ್ಯಾರ್ಥಿನಿಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಇದೆ, ಊರಿನವರಲ್ಲಿ ಮತ್ತು ಅಧ್ಯಾಪಕಿಯಲ್ಲಿ ಸಾಲದು ಎಂದು ಬರೆದೆ. ನಿನ್ನನ್ನು ಕೇಳದೆ ನಿನ್ನ ಹೆಸರು ಹಾಕಿದ್ದು ತಪ್ಪು. ಆದರೆ ಕೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನೂ ಸರಿ ಎಂದು ಬಿಟ್ಟುಬಿಡುತ್ತಿದ್ದೆ. ಇಷ್ಟು ವರ್ಷ ಹಾಗೇ ನಡೆದಿದೆಯಲ್ಲ.

ಮುಂದಿನ ಶನಿವಾರ ತರಗತಿಯಲ್ಲಿ ಎಲ್ಲರ ಮುಂದೆ ಹೇಳಿದೆ. ಉಪೆಂಡೊಳನ್ನು ಮೊದಲೇ ಕೇಳಿ, ಅವಳು ಒಪ್ಪಿದ ಮೇಲೆ. ನವೆಂಬರಿನಲ್ಲಿ ಬೋರ್ಡಿನ ಮೇಲೆ ಬರೆದದ್ದು ಸುಳ್ಳು, ಆ ಅಮ್ಮ ಕಾದದ್ದು ತನ್ನ ಮರ್ಯಾದೆಯನ್ನು, ನಾನು ಕಾದದ್ದು ನನ್ನದನ್ನು ಎಂದೆ. ಆಮೇಲೆ ಜರ್ಮನಿಯವನು ಎದ್ದುನಿಂತು, "ಹಾಗಾದರೆ ಪರೀಕ್ಷೆಯಲ್ಲಿ ಯಾವ ಉತ್ತರ ಬರೆಯಬೇಕು?" ಎಂದ. ನಾಲ್ಕು ಜನ ನಕ್ಕರು. ಆದರೆ ಅದು ನಗುವ ಪ್ರಶ್ನೆಯಾಗಿರಲಿಲ್ಲ. ನನಗೂ ಗೊತ್ತಿಲ್ಲ, ಸೇರಿ ಹುಡುಕೋಣ ಎಂದೆ. ಅವತ್ತು ಪುಸ್ತಕ ಮುಚ್ಚಿದೆವು. ಈಗ ಅವರು ಇಬ್ಬಿಬ್ಬರಾಗಿ ಹೂಡಿ, ಸರ್ಜಾಪುರ, ಜಿಗಣಿಯ ಮನೆ ಓನರುಗಳನ್ನು ಕಂಡು ಮಾತಾಡಿಸುತ್ತಿದ್ದಾರೆ. ಇಲ್ಲ ಎಂದವರಿಗೆ ಏನು ಭಯ, ಹೂಂ ಎಂದವರಿಗೆ ಆಮೇಲೆ ಏನಾಯಿತು, ಬರೆದುಕೊಂಡು ಬರುತ್ತಿದ್ದಾರೆ. ಒಬ್ಬ ಓನರು ಬೈದು ಕಳಿಸಿದ. ಇನ್ನೊಬ್ಬಳು ಎರಡು ಗಂಟೆ ಕೂರಿಸಿಕೊಂಡು ತನ್ನ ಬಾಡಿಗೆದಾರರ ಕಥೆಯೆಲ್ಲ ಹೇಳಿದಳಂತೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಮೊದಲ ನಿಜವಾದ ಪಾಠ ಇದೇ ಇರಬೇಕು.

ಕಂಪನಿಯವರು ನನ್ನ ವರದಿ ಓದಿ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಫೆಬ್ರವರಿ ಮೂರರಿಂದ ಅವಳು ಮತ್ತೆ ಸೇರಿಕೊಂಡು ಉಳಿದ ನಲವತ್ತು ದಿನ ತಪ್ಪದೆ, ಹೊತ್ತಿಗೆ ಸರಿಯಾಗಿ ಬಂದರೆ ಪ್ರಮಾಣಪತ್ರ ಕೊಡುತ್ತಾರೆ. ಅಂದರೆ ಒಂದನೇ ತಾರೀಖಿನೊಳಗೆ ಅವಳಿಗೆ ಹತ್ತಿರದಲ್ಲಿ ರೂಮು ಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಅಪ್ಪ ಹೋಗುವ ಮುಂಚೆ ಎರಡನೇ ಮಹಡಿಯ ಹಿಂದಿನ ಎರಡು ರೂಮು ನನ್ನ ಹೆಸರಿಗೆ ಬರೆದಿಟ್ಟಿದ್ದಾನೆ. ಇದುವರೆಗೆ ಯಾರಿಗೆ ಕೊಡಬೇಕು ಎಂದು ನೀನೇ ನೋಡಿದ್ದೀಯ, ನಾನು ಒಂದು ಮಾತೂ ಕೇಳಿಲ್ಲ. ಅಲ್ಲಿರುವ ಒಡಿಶಾದ ನರ್ಸ್ ಹುಡುಗಿಯರು ಈ ತಿಂಗಳ ಕೊನೆಗೆ ಖಾಲಿ ಮಾಡುತ್ತಾರೆ ಎಂದು ನೀನೇ ಹೇಳಿದೆ. ಆ ರೂಮನ್ನು ಉಪೆಂಡೊಗೆ ಕೊಡುತ್ತಿದ್ದೇನೆ. ಕೊಡಲಾ ಎಂದು ಕೇಳುತ್ತಿಲ್ಲ ಅಮ್ಮ, ಹೇಳುತ್ತಿದ್ದೇನೆ. ಅಪ್ಪನ ಪತ್ರ ಹಿಡಿದುಕೊಂಡು ನಿನ್ನ ಗೇಟಿಗೆ ಬರುವಂತೆ ಮಾಡಬೇಡ. ಬೇಕಾದರೆ ಅದಕ್ಕೂ ತಯಾರಿದ್ದೇನೆ.

ಇನ್ನೊಂದು ಮಾತು. ಅವಳ ಊರಿನಲ್ಲೂ ರಾಗಿ ಬೆಳೆಯುತ್ತಾರೆ. ಬೆಳಿಗ್ಗೆ ಎದ್ದು ನಾನು ಮಾಡುವುದಕ್ಕಿಂತ ಚೆನ್ನಾಗಿ ಗಂಜಿ ಕಾಯಿಸುತ್ತಾಳೆ. ಇದನ್ನು ಮೊದಲ ಸಾಲಿನಲ್ಲೇ ಬರೆದರೆ ನಿನ್ನ ಮನಸ್ಸು ಕರಗುತ್ತದೆ ಎಂದು ನನಗೆ ಗೊತ್ತಿತ್ತು. ಬೇಕೆಂದೇ ಬರೆಯಲಿಲ್ಲ. ರಾಗಿ ತಿನ್ನುತ್ತಾಳೆ ಎಂದು ಅವಳಿಗೆ ರೂಮು ಕೊಡಬೇಡ. ರಾಗಿಯ ಮುಖವನ್ನೇ ನೋಡದವಳಾಗಿದ್ದರೂ ಕೊಡಬೇಕಿತ್ತು.

ನಿನ್ನ ಬೈಗುಳಕ್ಕೆ ಕಾಯುತ್ತಿರುವ,
ಬಿಂದುಶ್ರೀ

ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ: ವರದಿಯಿಂದ ಕಾಲೇಜಿನ ಹೆಸರು ಕೆಡುತ್ತದೆ, ಅದನ್ನು ವಾಪಸ್ಸು ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಂದಿನ ವರ್ಷದಿಂದ ನೀವು ಕಲಿಸುವ ವಿಷಯವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಕಾಲೇಜಿನವರು ನನಗೊಂದು ಪತ್ರ ಕೊಟ್ಟಿದ್ದಾರೆ. ತೆಗೆದುಕೊಳ್ಳುವುದಿಲ್ಲ ಎಂದು ನಿನ್ನೆಯೇ ಉತ್ತರ ಕೊಟ್ಟೆ.


ಹೂಡಿ
25-1-2025, ಶನಿವಾರ

ಬಿಂದೂ,

ನಿನ್ನ ಕಾಗದ ಬುಧವಾರ ಬಂತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಮೊದಲ ಸಲ ಓದಿದಾಗ ಸಿಟ್ಟು ಬಂತು. ಹೆತ್ತ ತಾಯಿ ಹೆಸರು ಹಿಡಿದು ಕಾಲೇಜಿಗೆ ಬರೆದು ಕೊಟ್ಟಿದ್ದಾಳಲ್ಲ ಅಂತ. ಎರಡನೇ ಸಲ ಸಿಟ್ಟು ಬರಲಿಲ್ಲ. ಅವತ್ತಿಂದ ದಿನಾ ಫೋನಿನಲ್ಲಿ ಮಾತಾಡಿದ್ದೀವಿ. ಕಾಗದದ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹುರುಳಿ ಸಾರಿನ ಮಾತೇ ಆಯಿತು. ಅದಕ್ಕೆ ನಾನೂ ಬರೆಯುತ್ತಿದ್ದೀನಿ. ಏಳನೇ ಕ್ಲಾಸಿನ ಕೈಬರಹ, ತಪ್ಪಿದ್ದರೆ ತಿದ್ದಿಕೋ. ಅಂಚೆಗೆ ಹಾಕಿದರೆ ನಾಳೆ ರಜ, ತಡವಾಗುತ್ತದೆ ಅಂತ ಭರಮಪ್ಪನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೀನಿ. ಅವನಿಗೆ ಊಟ ಹಾಕಿ ಕಳಿಸು.

ಮಜ್ಜಿಗೆ ಕೊಟ್ಟಿದ್ದು ನಾಟಕ ಅಂತ ನೀನು ಬರೆದಿಲ್ಲ, ಆದರೆ ಹಾಗೇ ಕೇಳಿಸಿತು. ಅದು ನಾಟಕ ಅಲ್ಲ. ಬಿಸಿಲಲ್ಲಿ ಬಂದಿದ್ದಳು, ಕೊಟ್ಟೆ. ರೂಮು ಇಲ್ಲ ಅಂದಿದ್ದು ಸುಳ್ಳು. ಎರಡೂ ಒಂದೇ ಬಾಯಿಂದ, ಒಂದೇ ಕೈಯಿಂದ ಆಗಿದ್ದು. ಯಾಕೆ ಅಂದರೆ ಭಯ. ಪಕ್ಕದ ಬಿಲ್ಡಿಂಗಿನ ಕೃಷ್ಣಪ್ಪ ಹಿಂದಿನ ವರ್ಷ ಆಫ್ರಿಕಾದವರಿಗೆ ಮನೆ ಕೊಟ್ಟಿದ್ದಕ್ಕೆ ಬೀದಿಯವರೆಲ್ಲ ಅವನ ಮನೆ ಮುಂದೆ ನಿಂತು ಕೂಗಾಡಿದರು. ಆ ಹುಡುಗರು ಯಾವ ತಪ್ಪೂ ಮಾಡಿರಲಿಲ್ಲ, ನಾನೇ ನೋಡಿದ್ದೀನಿ. ಕೂಗಿದವರನ್ನು ತಡೆಯೋಕೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ನಾಳೆ ನಮ್ಮ ಗೇಟಿಗೂ ಹೀಗೇ ಬಂದರೆ ಅಂತ ಅನ್ನಿಸಿತು. ಆ ಭಯ ಈಗಲೂ ಇದೆ. ಇಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತದೆ.

ಗುರುವಾರ ಸಾಯಂಕಾಲ ಬಾಡಿಗೆಯವರನ್ನೆಲ್ಲ ತಾರಸಿಗೆ ಕರೆದೆ. ಇಂಗಿಂಗೆ, ನನ್ ಮಗಳ ಕಾಲೇಜಿನ ಹುಡುಗಿ ಬತ್ತಾವಳೆ, ಟಾಂಜಾನಿಯಾದೋಳು, ಎರಡ್ನೇ ಮಹಡಿಗೆ ಅಂತ ಹೇಳಿದೆ. ಮಣಿಪುರದ ಹುಡುಗಿಯರ ಬದಲು ಬಂದಿದ್ದ ಅವರ ಅಡುಗೆಯ ಮರಿಯಮ್ಮ ಸರಿ ಅಕ್ಕ ಅಂದಳು. ಮೊದಲ ಮಹಡಿಯ ಇಂಜಿನಿಯರು ಮಾತ್ರ ಎದ್ದು ನಿಂತ. "ಆಂಟಿ, ನಿಮ್ ಇಷ್ಟ. ಆದ್ರೆ ನಮಗೆ ಚಿಕ್ ಮಗು ಇದೆ. ನಾವು ಬೇರೆ ಮನೆ ನೋಡ್ಕೋಬೇಕಾಗುತ್ತೆ," ಅಂದ. ಅವನು ಒಳ್ಳೆಯ ಬಾಡಿಗೆದಾರ, ಐದು ವರ್ಷದಿಂದ ಇದ್ದಾನೆ. ಆದರೂ, "ಒಂದ್ ತಿಂಗ್ಳು ಮುಂಚೆ ಏಳಪ್ಪ, ಬೋರ್ಡ್ ಆಕ್ತೀನಿ. ಈ ಸಲ ಬೋರ್ಡ್ ಆಕುದ್ರೆ ಯಾರ್ ಬಂದ್ರೂ ತೋರುಸ್ತೀನಿ," ಅಂದೆ. ಅವನು ಹೆಂಡತಿ ಮುಖ ನೋಡಿದ. ಅವಳು ಅವನ ತೋಳು ಹಿಡಿದು ಕೂರಿಸಿದಳು. ಹೋಗುತ್ತಾನೋ ಇರುತ್ತಾನೋ ಗೊತ್ತಿಲ್ಲ. ಹೋದರೆ ಹೋಗಲಿ.

ನಿನ್ನ ಅಪ್ಪನ ಪತ್ರದ ವಿಷಯ. ಅದನ್ನು ಹಿಡಿದುಕೊಂಡು ಬರುವುದೇನೂ ಬೇಕಾಗಿಲ್ಲ. ಆ ಹಿಂದಿನ ರೂಮಿನ ಗೋಡೆ ಮಳೆಗಾಲದಿಂದ ನೆನೆದಿದೆ, ನರ್ಸ್ ಹುಡುಗಿಯರಿಂದ ಬೈಸಿಕೊಂಡು ಸಾಕಾಗಿದೆ. ಅದನ್ನು ಕೊಡಬೇಡ. ಮುಂದಿನ ಬೀದಿ ಕಡೆಯ ರೂಮು ನನ್ನದು, ಅದೂ ಖಾಲಿ ಇದೆ. ಗಾಳಿ ಬೆಳಕು ಚೆನ್ನಾಗಿದೆ. ಅದನ್ನೇ ಕೊಡುತ್ತೀನಿ. ನಿನ್ನ ರೂಮಿನ ಗೋಡೆ ನೀನೇ ರಿಪೇರಿ ಮಾಡಿಸು. ಓನರು ಅಂದರೆ ಸುಮ್ಮನೆ ಅಲ್ಲ.

ಅವಳಿಗೆ ಹೇಳು. ಎಲ್ಲರಿಗೂ ಇರುವ ಕಟ್ಟುಪಾಡೇ ಅವಳಿಗೂ. ಪಾಸ್‌ಪೋರ್ಟಿನ ಜೆರಾಕ್ಸ್ ಕೊಡಬೇಕು, ನೀರು ಬೆಳಿಗ್ಗೆ ಏಳರ ಒಳಗೆ ಹಿಡಿದುಕೊಳ್ಳಬೇಕು, ಚಪ್ಪಲಿ ಮೆಟ್ಟಿಲ ಮೇಲೆ ಬಿಡಬಾರದು. ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ನಲ್ಲಿ ಸೋರಿದರೆ ಜಗಳಕ್ಕೆ ಬರಲಿ. ನಾನೂ ಜಗಳದಲ್ಲಿ ಸೋಲುವವಳಲ್ಲ. ಒಂದನೇ ತಾರೀಖು ಶನಿವಾರ ಬೀಳುತ್ತದೆ, ಶನಿವಾರ ಹೊಸ ಮನೆಗೆ ಕಾಲಿಡುವುದು ಬೇಡ. ಶುಕ್ರವಾರವೇ ಸಾಮಾನು ತನ್ನಿ. ನೀನೂ ಬರಬೇಕು.

ನಿಮ್ಮ ಡೈರೆಕ್ಟರಿಗೆ ಹೇಳು, ಆ ವರದಿಯಲ್ಲಿ ಹೆಸರು ಸರಿಯಾಗಿ ಬರೆದುಕೊಳ್ಳಲಿ. ವೆಂಕಟಮ್ಮ, ಆಂಜಿನಪ್ಪನ ಹೆಂಡತಿ, ಹೂಡಿ. ಬರೀ ವೆಂಕಟಮ್ಮ, ಯಾರದೋ ತಾಯಿ ಅಂತ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ. ಅವರು ಕೇಳುವುದಾದರೆ ನಾನೇ ಬಂದು ಹೇಳುತ್ತೀನಿ, ಹೌದು, ಹೀಗೆ ನಡೆಯಿತು ಅಂತ. ನಿನ್ನ ಪಾಠ ಬೇರೆಯವರಿಗೆ ಹೋದರೆ ಹೋಗಲಿ, ವರದಿ ಮಾತ್ರ ವಾಪಸ್ಸು ತೆಗೆದುಕೊಳ್ಳಬೇಡ.

ನಿನ್ನ ಅಮ್ಮ,
ವೆಂಕಟಮ್ಮ

ಇದನ್ನು ಬರೆಯೋದೋ ಬೇಡವೋ ಅಂತ ಮೂರು ದಿನ ಯೋಚಿಸಿದೆ. ಬರೆಯದಿದ್ದರೆ ನಿನ್ನ ವರದಿ ಪೂರ್ತಿಯಾಗುವುದಿಲ್ಲ. ಆ ಹುಡುಗಿಯ ಕೊರಳಲ್ಲಿ ನಿನ್ನ ಕಾರ್ಡಿಗಿರುವಂಥದೇ ನೀಲಿ ಪಟ್ಟಿ ಇತ್ತು. ನಿನ್ನ ಕಾಲೇಜಿನವಳು ಅಂತ ನನಗೆ ಅವಳು ಬಂದ ಕೂಡಲೇ ಗೊತ್ತಾಯಿತು. ಏನು ಹೇಳಲಿ ಅಂತ ತಲೆ ಎತ್ತಿ ನಿನ್ನ ಕಡೆ ನೋಡಿದೆ. ನೀನು ನನ್ನನ್ನು ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ನೀನು ಹೂಂ ಅಂದಿದ್ದರೆ ನಾನು ಕೊಡುತ್ತಿದ್ದೆನಾ ಅಂತ ಕೇಳಿದರೆ ಗೊತ್ತಿಲ್ಲ, ಆಣೆ ಮಾಡಿ ಹೇಳಲಾರೆ. ಆದರೆ ನೀನು ಬರೆದಿರುವುದು ಹಿಂದುಮುಂದಾಗಿದೆ. ನಾನು ಹೇಳಿದ್ದನ್ನು ಕೇಳಿ ನೀನು ಒಳಗೆ ಹೋಗಲಿಲ್ಲ. ಮೊದಲು ಮೇಲೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ ನಾನು ರೂಮು ಆಗಿಹೋಯಿತು ಅಂದೆ.